ಅಕ್ಕ ಮೌನಿ, ತಮ್ಮ ಮಾತುಗಾರ

ಪ್ರಶ್ನೆ: ಮಗಳಿಗೆ 15, ಮಗನಿಗೆ 11. ಮಗ ಸೋದರಮಾವನ ನಡಿಗೆ, ಪಕ್ಕದ ಮನೆಯವರ ಕೆಮ್ಮು ಎಲ್ಲ ಅಣಕಿಸಿ ನಗಿಸುತ್ತಾನೆ. ಮಗಳಿಗೆ ಮಾತು ಕಡಿಮೆ. ‘ತಮ್ಮನ್ನ ನೋಡಿ ಕಲಿ, ನಿಂಗೆ ನಗೋದೇ ಬರಲ್ಲ’ ಅಂತ ನೆಂಟರು ಹೇಳುತ್ತಾರೆ. ಈಗೀಗ ಯಾರಾದರೂ ಬಂದರೆ ಅವಳು ರೂಮಿನಿಂದ ಹೊರಗೇ ಬರಲ್ಲ. ಮೊನ್ನೆ ಅಜ್ಜಿಯ ಮಾತ್ರೆ ಡಬ್ಬಿಗೆ ಒಂದು ಚೀಟಿ ಅಂಟಿಸಿದ್ದಳು: ‘ಬೆಳಿಗ್ಗೆ ಒಂದು. ತಗೊಂಡಿದ್ದು ಮರೆತೆ ಅಂತ ಇನ್ನೊಂದು ಬೇಡ.’ ಅಜ್ಜಿ ಬಿದ್ದು ಬಿದ್ದು ನಕ್ಕರು. ಅವಳನ್ನು ಹೇಗೆ ಸರಿಮಾಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ಸರಿಮಾಡುವಂಥದ್ದು ಅವಳಲ್ಲಿ ಏನೂ ಇಲ್ಲಮ್ಮ. ಆ ಚೀಟಿ ನನಗೆ ತುಂಬಾ ಇಷ್ಟವಾಯಿತು. ಅಜ್ಜಿಯ ಮರೆವನ್ನು ದಿನಾ ಗಮನಿಸಿದವರಿಗೆ, ಅವರ ಮೇಲೆ ಅಕ್ಕರೆ ಇದ್ದವರಿಗೆ ಮಾತ್ರ ಅಂಥ ಸಾಲು ಹೊಳೆಯುತ್ತದೆ.

ಮೈಸೂರಿನ ಆರ್.ಕೆ. ನಾರಾಯಣ್, ಆರ್.ಕೆ. ಲಕ್ಷ್ಮಣ್ ನಿಮಗೆ ಗೊತ್ತೇ ಇರುತ್ತಾರೆ. ಇಬ್ಬರನ್ನೂ ಓದುತ್ತ, ನೋಡುತ್ತ ಬೆಳೆದವಳು ನಾನು. ಅಣ್ಣ ಹುಟ್ಟಿದ್ದು 1906ರಲ್ಲಿ, ತಮ್ಮ 1921ರಲ್ಲಿ. ಅಣ್ಣನ ಬಾಲ್ಯ ಹೆಚ್ಚಾಗಿ ಮದ್ರಾಸಿನಲ್ಲಿ, ಅಜ್ಜಿಯ ಹತ್ತಿರ ಕಳೆಯಿತು. ತಮ್ಮ ಮೈಸೂರಿನ ತುಂಬಿದ ಮನೆಯಲ್ಲಿ ಎಲ್ಲರಿಗಿಂತ ಕಿರಿಯವರಾಗಿ ಬೆಳೆದರು. ನಾರಾಯಣ್ ಕಥೆಗಳಲ್ಲಿ ನಗು ಮೆಲ್ಲಗೆ ಬರುತ್ತದೆ. ಪೇಚಿಗೆ ಸಿಕ್ಕ ಮನುಷ್ಯನ ಮೇಲೆ ನಮಗೆ ಸಿಟ್ಟು ಬರುವುದಿಲ್ಲ, ಅಯ್ಯೋ ಪಾಪ ಅನ್ನಿಸುತ್ತದೆ. ಲಕ್ಷ್ಮಣ್ ಗೆರೆ ನೇರವಾಗಿ ಮಂತ್ರಿಯ ಮೂಗಿಗೇ ಕೈ ಹಾಕುತ್ತದೆ. ಆದರೆ 1951ರಿಂದ ಅವರು ದಿನವೂ ಬರೆದ ವ್ಯಂಗ್ಯಚಿತ್ರದ ಶ್ರೀಸಾಮಾನ್ಯನನ್ನು ನೆನಪಿಸಿಕೊಳ್ಳಿ. ಚೌಕಳಿ ಕೋಟು, ಪಂಚೆ, ಕನ್ನಡಕ. ಎಲ್ಲ ನೋಡುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಅಷ್ಟು ಚುರುಕಿನ ತಮ್ಮನಿಗೂ ಸುಮ್ಮನೆ ನಿಂತು ನೋಡುವವನೊಬ್ಬ ಬೇಕಾದ, ಅಲ್ವಾ? ಕಾಲೇಜಿನಲ್ಲಿದ್ದಾಗಲೇ ಲಕ್ಷ್ಮಣ್ ಅಣ್ಣನ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆಯುತ್ತಿದ್ದರು. ನಮ್ಮ ಕನ್ನಡದ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಬರೆದರು.

ಇನ್ನು ನಿಮ್ಮ ಮನೆ ವಿಷಯ. ನೆಂಟರು ಹೋಲಿಸಿದಾಗ ನೀವು ಸುಮ್ಮನಿರುತ್ತೀರಲ್ಲ, ಆಗ ಅಮ್ಮನೂ ಹಾಗೇ ಅಂದುಕೊಂಡಿದ್ದಾಳೆ ಎಂದು ಮಗಳಿಗೆ ಅನ್ನಿಸುತ್ತದೆ. ‘ಅವಳು ನಗಿಸುವ ರೀತಿ ಬೇರೆ, ನಮಗೆ ಅದು ಇಷ್ಟ’ ಎಂದು ಅವರ ಎದುರಿಗೇ ಹೇಳಿ. ಹೇಳಿ ಬೇರೆ ಮಾತಿಗೆ ಹೋಗಿ. ‘ಆ ಚೀಟಿ ಓದಿ ತೋರಿಸು ಪುಟ್ಟಿ’ ಎಂದು ಮಾತ್ರ ದಯವಿಟ್ಟು ಕರೆಯಬೇಡಿ. ಅದು ಅಜ್ಜಿಗೆಂದು ಬರೆದದ್ದು.

ಮಗನ ಅಣಕು ನಿಲ್ಲಿಸಬೇಡಿ. ಬಂದವರ ಮುಂದೆ ಅಕ್ಕನನ್ನು ಅಣಕಿಸುವಂತಿಲ್ಲ ಎಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿ. 11 ವರ್ಷದ ಹುಡುಗನಿಗೆ ಇದು ಅರ್ಥವಾಗುತ್ತದೆ. ಜೊತೆಗೆ, ಅವನಿಗೆ ಆಡಿ ತೋರಿಸಲು ಒಳ್ಳೆಯ ಮಾತು ಬೇಕು, ಅಕ್ಕನಿಗೆ ಬರೆಯಲು ಬರುತ್ತದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಪುಟ್ಟ ಪ್ರಹಸನ ಅವಳು ಬರೆಯಲಿ, ಅವನು ಆಡಲಿ. ಅವಳು ಸ್ಟೇಜ್ ಹತ್ತಬೇಕಾಗಿಲ್ಲ. ಒಮ್ಮೆ ಕೇಳಿ ನೋಡಿ. ಬೇಡ ಅಂದರೆ ಒತ್ತಾಯ ಮಾಡಬೇಡಿ.