ಹನ್ನೊಂದು ಸರಣಿ ಬೇಡ, ಒಂದು ಸಾಕು

ನಮಸ್ಕಾರ,

ನೀವು ಕಳಿಸಿದ ‘ಸರಣಿ ಪುಸ್ತಕಗಳ ಮಾಯಾಲೋಕ’ ಲೇಖನ ಓದಿದೆ. ಈಗಿರುವ ಹಾಗೇ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದಕ್ಕೇ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳದೆ, ಉದ್ದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಖಾರವಾಗಿಯೇ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಲೇಖನದಲ್ಲಿ ಹನ್ನೊಂದು ಸರಣಿಗಳಿವೆ. ಹ್ಯಾರಿ ಪಾಟರ್‌ನಿಂದ ಶುರುವಾಗಿ, ಪರ್ಸಿ ಜಾಕ್ಸನ್, ಟ್ವೈಲೈಟ್, ಹಂಗರ್ ಗೇಮ್ಸ್, ಡೈವರ್ಜೆಂಟ್ ದಾಟಿ, ಜ್ಯಾಕ್ ರೀಚರ್‌ನ ಥ್ರಿಲ್ಲರ್‌ಗಳಿಗೆ ಬಂದು, ಷರ್ಲಾಕ್ ಹೋಮ್ಸ್‌ಗೆ ಕೈಮುಗಿದು ಮುಗಿಯುತ್ತದೆ. ಒಂದೊಂದಕ್ಕೂ ಒಂದೊಂದು ಪ್ಯಾರಾ. ಪ್ರತಿ ಪ್ಯಾರಾದಲ್ಲೂ ಅದೇ ಕ್ರಮ. ಬರೆದವರು ಯಾರು, ಎಷ್ಟು ಭಾಗ, ಕಥೆ ಏನು, ಸಿನಿಮಾ ಬಂತೋ ಇಲ್ಲವೋ, ಆಮೇಲೆ ‘ಕೊನೆಗೆ ಏನಾಯಿತು ಅಂತ ನೀವೇ ಓದಿ ತಿಳಿಯಿರಿ’. ಮದುವೆ ಮನೆಯಲ್ಲಿ ನೆಂಟರನ್ನೆಲ್ಲ ಸಾಲಾಗಿ ಪರಿಚಯ ಮಾಡಿಸುತ್ತಾರಲ್ಲ, ನಾಲ್ಕನೇ ಪ್ಯಾರಾ ಹೊತ್ತಿಗೆ ನನಗೆ ಹಾಗಾಯಿತು. ಎಲ್ಲರ ಹೆಸರೂ ಕೇಳಿದೆ, ಒಬ್ಬರ ಜೊತೆಗೂ ಕೂತು ಮಾತಾಡಲು ಆಗಲಿಲ್ಲ.

ಕಥಾಸಾರ ಯಾರಿಗೆ ಬೇಕು ಹೇಳಿ? ಓದಿದವರಿಗೆ ಅದು ಗೊತ್ತು. ಓದದವರಿಗೆ ಫೋನಿನಲ್ಲಿ ಒಂದು ನಿಮಿಷದಲ್ಲಿ ಸಿಗುತ್ತದೆ. ನಿಮ್ಮಿಂದ ಮಾತ್ರ ಸಿಗುವಂಥದ್ದು ನೀವು ಅದನ್ನು ಹೇಗೆ ಓದಿದಿರಿ ಅನ್ನೋದು. ಸರಣಿಯ ವಿಷಯಕ್ಕೆ ಬಂದರೆ ಇನ್ನೂ ಒಂದು ಮಾತು ಸೇರಿಸುತ್ತೇನೆ. ಒಂದು ಪುಸ್ತಕ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ನಿಮಗೇನಾಯಿತು ಅನ್ನೋದನ್ನು ಬರೆಯಿರಿ. ಬಿಡಿ ಕಾದಂಬರಿಗೆ ಆ ಮಧ್ಯದ ಜಾಗವೇ ಇರುವುದಿಲ್ಲ. ನೀವು ಆ ಜಾಗವನ್ನು ಹನ್ನೊಂದು ಸಲವೂ ಹಾರಿ ದಾಟಿದ್ದೀರಿ.

ಹ್ಯಾರಿ ಪಾಟರ್ ಪ್ಯಾರಾ ನೋಡಿ. ‘ಪ್ರತಿ ಹೊಸ ಭಾಗಕ್ಕೂ ಇಡೀ ಜಗತ್ತಿನ ಜೊತೆ ನಾನೂ ಉಸಿರು ಬಿಗಿಹಿಡಿದು ಕಾದೆ’ ಅಂತ ಬರೆದಿದ್ದೀರಿ. ಅದೇ ಪ್ಯಾರಾದ ಕೆಳಗೆ, ಲಾಕ್‌ಡೌನ್ ಸಮಯದಲ್ಲಿ ಅಣ್ಣನ ಕಪಾಟಿನಿಂದ ಏಳೂ ಪುಸ್ತಕ ತೆಗೆದು ಎರಡೇ ವಾರದಲ್ಲಿ ಮುಗಿಸಿದೆ ಅಂತಲೂ ಇದೆ. ಎರಡರಲ್ಲಿ ಒಂದು ಮಾತ್ರ ನಿಜ ಇರಬೇಕು. ನನಗೆ ಎರಡನೆಯದೇ ನಿಜ ಅನಿಸುತ್ತದೆ. ಅದರಲ್ಲಿ ಕಪಾಟಿದೆ, ಅಣ್ಣ ಇದ್ದಾರೆ. ಮೊದಲನೆಯದು ಎಲ್ಲೋ ಓದಿದ ಮಾತು.

ಕಾದವರ ಓದು ಬೇರೆಯೇ ಥರದ್ದು. ಮೊದಲ ಪುಸ್ತಕ ಬಂದದ್ದು 1997ರಲ್ಲಿ, ಏಳನೆಯದು 2007ರಲ್ಲಿ. ಮೊದಲನೆಯದನ್ನು ಹ್ಯಾರಿಯ ವಯಸ್ಸಿನಲ್ಲೇ, ಅಂದರೆ ಹನ್ನೊಂದಕ್ಕೆ ಓದಿದ ಹುಡುಗಿಗೆ ಕೊನೆಯದನ್ನು ಓದುವಾಗ ಇಪ್ಪತ್ತೊಂದು. ಹ್ಯಾರಿಗೆ ಮಾತ್ರ ಇನ್ನೂ ಹದಿನೇಳು. ಆರನೇ ಭಾಗ ಬಂದದ್ದು 2005ರಲ್ಲಿ. ಅದರ ಕೊನೆಗೆ ಹ್ಯಾರಿಯ ಶಾಲೆಯ ಮೇಷ್ಟ್ರು ಸ್ನೇಪ್, ಹೆಡ್‌ಮಾಸ್ಟರ್ ಡಂಬಲ್‌ಡೋರ್‌ನನ್ನು ಕೊಲ್ಲುತ್ತಾನೆ. ಈ ಸ್ನೇಪ್ ಒಳ್ಳೆಯವನೋ ಕೆಟ್ಟವನೋ ಅಂತ ಓದುಗರು ಎರಡು ವರ್ಷ ಜಗಳವಾಡಿದರು. ಪುಸ್ತಕ ಮುಚ್ಚಿಟ್ಟ ಮೇಲೂ ಓದು ನಡೆಯುತ್ತಲೇ ಇತ್ತು. ನಿಮಗೆ ಆ ಎರಡು ವರ್ಷ ಸಿಗಲಿಲ್ಲ. ರಾತ್ರಿ ಆರನೆಯದು ಮುಗಿಸಿ, ಬೆಳಿಗ್ಗೆ ತಿಂಡಿ ಆದ ಮೇಲೆ ಏಳನೆಯದು ತೆಗೆದಿರಬಹುದು.

ಹಾಗೆ ಓದಿದ್ದು ಕಡಿಮೆ ಓದು ಅಂತ ನಾನು ಹೇಳುತ್ತಿಲ್ಲ. ಒಂದೇ ಸಮನೆ ಓದಿದವರ ಕಣ್ಣಿಗೆ ಬೇರೆ ಸಂಗತಿಗಳು ಬೀಳುತ್ತವೆ. ನಾಲ್ಕನೇ ಪುಸ್ತಕ ಮೂರನೆಯದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ದಪ್ಪ. ಅದು ನಿಮ್ಮ ಕೈಗೇ ಗೊತ್ತಾಗಿರಬೇಕು. ಎರಡನೆಯದರ ಮೊದಲ ಅಧ್ಯಾಯದಲ್ಲಿ ಹ್ಯಾರಿ ಯಾರು, ಹಣೆಯ ಮೇಲಿನ ಗುರುತು ಹೇಗೆ ಬಂತು ಅಂತ ಮತ್ತೆ ಹೇಳುತ್ತಾರೆ. ವರ್ಷ ಕಾದವರಿಗೆ ಅದು ಬೇಕಿತ್ತು. ನಿನ್ನೆಯಷ್ಟೇ ಮೊದಲನೆಯದು ಮುಗಿಸಿದ ನಿಮಗೆ ಬೋರ್ ಆಗಿರಬೇಕು, ಅಲ್ವಾ? ಆ ಬೋರನ್ನೇ ಬರೆಯಬಹುದಿತ್ತಲ್ಲ. ಜಗತ್ತು ಉಸಿರು ಬಿಗಿಹಿಡಿದದ್ದಕ್ಕಿಂತ ಅದು ಎಷ್ಟೋ ವಾಸಿ.

ಈಗ ನನಗೆ ತುಂಬಾ ಇಷ್ಟವಾದ ಸಾಲಿಗೆ ಬರುತ್ತೇನೆ. ಹಂಗರ್ ಗೇಮ್ಸ್ ಪ್ಯಾರಾದಲ್ಲಿ, ಬ್ರಾಕೆಟ್ ಒಳಗೆ, ಹೇಳಲೋ ಬೇಡವೋ ಅನ್ನುವ ಹಾಗೆ ಬರೆದಿದ್ದೀರಿ: ‘ಕಾಲೇಜು ಲೈಬ್ರರಿಯಲ್ಲಿ ಎರಡನೇ ಭಾಗ ಒಯ್ದವರು ವಾಪಸ್ ತಂದಿರಲಿಲ್ಲ, ಹಾಗಾಗಿ ಮೂರನೆಯದನ್ನೇ ಮೊದಲು ಓದಿದೆ.’ ಮುಂದಿನ ಸಾಲಿಗೇ ಮತ್ತೆ ಕಥಾಸಾರ! ಅಲ್ಲೇ ನಿಲ್ಲಬೇಕಿತ್ತು ನೀವು.

ಯೋಚನೆ ಮಾಡಿ ನೋಡಿ. ಮೂರನೇ ಭಾಗ ‘ಮಾಕಿಂಗ್‌ಜೇ’ ಶುರುವಾಗುವುದೇ ಬೂದಿಯಿಂದ. ಕಥಾನಾಯಕಿ ಕ್ಯಾಟ್ನಿಸ್ ತನ್ನ ಊರಿದ್ದ ಜಾಗದಲ್ಲಿ ನಿಂತು, ಶೂ ಮೇಲೆ ಬೂದಿ ಕೂರುವುದನ್ನು ನೋಡುತ್ತಿದ್ದಾಳೆ. ಎರಡನೆಯದನ್ನು ಓದಿ ಬಂದವರಿಗೆ ಊರು ಹೋಯಿತು ಅಂತ ಗೊತ್ತು, ಯಾಕೆಂದರೆ ಆ ಪುಸ್ತಕ ಮುಗಿಯುವುದೇ ಅವಳ ಗೆಳೆಯ ಗೇಲ್ ಆ ಸುದ್ದಿ ಹೇಳುವಲ್ಲಿ. ಎದೆ ಧಸಕ್ಕೆಂದು ಅವರು ಪುಸ್ತಕ ಮುಚ್ಚಿರುತ್ತಾರೆ. ನಿಮಗೆ ಮೊದಲು ಸಿಕ್ಕಿದ್ದು ಬೂದಿ. ಸುದ್ದಿ ಸಿಕ್ಕಿದ್ದು ಆಮೇಲೆ. ಆಗ ಆ ಕೊನೆಯ ಮಾತು ಓದುವಾಗ ಏನನ್ನಿಸಿತು? ಏನೂ ಅನ್ನಿಸಲಿಲ್ಲವಾ? ಹಾಗಿದ್ದರೆ ಅದನ್ನೇ ಬರೆಯಿರಿ.

ಫಿನ್ನಿಕ್‌ನ ಕಥೆ ಇದಕ್ಕಿಂತ ವಿಚಿತ್ರ. ಎಲ್ಲ ಓದುಗರಿಗೂ ಅವನು ಮೊದಲು ಸಿಗುವುದು ಎರಡನೇ ಭಾಗದಲ್ಲಿ. ಕುದುರೆಗೆಂದು ಇಟ್ಟ ಸಕ್ಕರೆ ತುಂಡು ಬಾಯಿಗೆ ಹಾಕಿಕೊಂಡು, ಕ್ಯಾಟ್ನಿಸ್‌ಗೂ ಒಂದು ಬೇಕಾ ಅಂತ ಕೇಳುವ ಶೋಕಿಲಾಲ. ಅವನನ್ನು ನಂಬಬೇಕೋ ಬೇಡವೋ ಅಂತ ಅವಳ ಜೊತೆ ನಾವೂ ಗುಮಾನಿಪಡುತ್ತೇವೆ. ನಿಮಗೆ ಅವನು ಮೊದಲು ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಮನಸ್ಸು ಮುರಿದು, ಒಂದು ತುಂಡು ಹಗ್ಗಕ್ಕೆ ಗಂಟು ಹಾಕುತ್ತಾ, ಬಿಚ್ಚುತ್ತಾ ಕೂತವನು. ಅದೇ ಪುಸ್ತಕದಲ್ಲಿ ಅವನು ಸಾಯುತ್ತಾನೆ. ಅದಾದ ಮೇಲೆ ಎರಡನೇ ಭಾಗ ತೆರೆದರೆ ಅವನು ಸಕ್ಕರೆ ಅಗಿಯುತ್ತಾ ಬರುತ್ತಾನೆ! ಲೇಖಕಿ ಸುಝಾನ್ ಕಾಲಿನ್ಸ್ ಯಾರಿಗೂ ಹೀಗೆ ಓದಿಸಬೇಕು ಅಂದುಕೊಂಡಿರಲಾರರು. ಗುಮಾನಿ ಪಡಬೇಕಾದ ಜಾಗದಲ್ಲಿ ನಿಮಗೆ ಸಂಕಟ ಆಗಿರಬೇಕು. ಇದನ್ನು ಬಿಟ್ಟು ‘ಫಿನ್ನಿಕ್ ಒಂದು ಅದ್ಭುತ ಪಾತ್ರ’ ಅಂತ ಒಂದು ಸಾಲು ಬರೆದಿದ್ದೀರಲ್ಲ, ನ್ಯಾಯವಾ?

ಹಾಗೆಯೇ, ಮೊದಲ ಭಾಗ ‘ವೇಗವಾಗಿ ಓದಿಸಿಕೊಂಡು ಹೋಗುತ್ತದೆ’ ಎಂದಿದ್ದೀರಿ. ಸರಿ, ಹೇಗೆ? ಪುಸ್ತಕ ಕೈಯಲ್ಲಿ ಹಿಡಿದು ಮೊದಲ ಅಧ್ಯಾಯ ಮತ್ತೆ ನೋಡಿ. ಸಾಯುವವರೆಗೆ ಹೊಡೆದಾಡುವ ಆಟಕ್ಕೆ ಮಕ್ಕಳನ್ನು ಆರಿಸಲು ಚೀಟಿ ಎತ್ತುವ ದಿನ. ಯಾರ ಹೆಸರಿನ ಚೀಟಿ ಎಷ್ಟಿದೆ ಅಂತ ನಮಗೆ ಲೆಕ್ಕ ಕೊಡುತ್ತಾರೆ. ಧಾನ್ಯ, ಎಣ್ಣೆ ಪಡೆಯಲು ಬಡ ಮಕ್ಕಳು ಜಾಸ್ತಿ ಚೀಟಿ ಹಾಕಬೇಕು. ಹಾಗಾಗಿ ಕ್ಯಾಟ್ನಿಸ್‌ದು 20, ಗೇಲ್‌ದು 42. ತಂಗಿ ಪ್ರಿಮ್‌ದು ಬರೀ ಒಂದು. ನಾವು ಓದುಗರು ಪೆದ್ದುಪೆದ್ದಾಗಿ 20ಕ್ಕೂ 42ಕ್ಕೂ ಹೆದರುತ್ತಾ ಕೂರುತ್ತೇವೆ. ಅಧ್ಯಾಯದ ಕೊನೆಗೆ ಬರುವುದು ಆ ಒಂದೇ ಚೀಟಿ. ಓದಿಸಿಕೊಂಡು ಹೋಗುವುದು ಅಂದರೆ ಇದು. ಹೆದರಿಕೆಯನ್ನು ಬೇರೆ ಕಡೆ ತಿರುಗಿಸಿಟ್ಟು, ಇನ್ನೊಂದು ಕಡೆಯಿಂದ ಹೊಡೆಯುವುದು. ಇಂಥದ್ದೊಂದನ್ನು ಬಿಡಿಸಿ ತೋರಿಸಿದರೆ ಓದುಗರು ನಿಮ್ಮನ್ನು ನಂಬುತ್ತಾರೆ. ‘ಅದ್ಭುತ’ ಅಂತ ಹತ್ತು ಸಲ ಬರೆದರೂ ನಂಬಲ್ಲ.

ಟ್ವೈಲೈಟ್ ಬಗ್ಗೆ ನಿಮಗೆ ಹೇಳಲು ಏನೂ ಇಲ್ಲ, ಸುಮ್ನೆ ಪಟ್ಟಿಗೆ ಸೇರಿಸಿದ್ದೀರಿ. ತೆಗೆಯಿರಿ. ಡೈವರ್ಜೆಂಟ್‌ನ ಮೂರನೇ ಭಾಗ ‘ಯಾಕೋ ಹಿಡಿಸಲಿಲ್ಲ’ ಎಂದಿದ್ದೀರಿ. ಆ ‘ಯಾಕೋ’ ಹುಡುಕಬೇಕಾದವರು ನೀವೇ. ಒಂದು ಸುಳಿವು ಕೊಡುತ್ತೇನೆ. ಮೊದಲ ಎರಡು ಭಾಗಗಳನ್ನು ಪೂರ್ತಿ ನಾಯಕಿ ಟ್ರಿಸ್ ಒಬ್ಬಳೇ ಹೇಳುತ್ತಾಳೆ. ಮೂರನೆಯದರಲ್ಲಿ ಇದ್ದಕ್ಕಿದ್ದ ಹಾಗೆ ಅವಳ ಪ್ರಿಯಕರ ಫೋರ್ ಕೂಡ ಹೇಳಲು ಶುರು ಮಾಡುತ್ತಾನೆ. ಕೊನೆಗೆ ಟ್ರಿಸ್ ಸಾಯುತ್ತಾಳಲ್ಲ, ಉಳಿದದ್ದನ್ನು ಹೇಳಲು ಒಬ್ಬರು ಬೇಕು. ಎರಡು ಪುಸ್ತಕ ಒಂದೇ ದನಿ ಕೇಳಿ ಒಗ್ಗಿದ ಕಿವಿಗೆ ಹೊಸ ದನಿ ಕಿರಿಕಿರಿ ಮಾಡಿತೋ ಏನೋ, ನೋಡಿಕೊಳ್ಳಿ.

ಥ್ರಿಲ್ಲರ್ ಭಾಗದಲ್ಲಿ ರೀಚರ್ ಸರಣಿಯ ಲೇಖಕ ಲೀ ಚೈಲ್ಡ್ ಟಿವಿ ಕಂಪನಿಯ ಕೆಲಸ ಕಳೆದುಕೊಂಡು ಕಾದಂಬರಿ ಬರೆಯಲು ಕೂತ ಕಥೆಗೆ ಅರ್ಧ ಪುಟ ಕೊಟ್ಟಿದ್ದೀರಿ. ಅದು ಎಲ್ಲ ಕಡೆ ಇದೆ, ಬೇಡ. ಆದರೆ ‘ರೀಚರ್ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಓದಬಹುದು’ ಅನ್ನುವ ನಿಮ್ಮ ಮಾತು ಸರಿಯಾಗಿದೆ. ಅದನ್ನು ಮುಂದಕ್ಕೆ ತಗೊಂಡು ಹೋಗಿ. ಯಾಕೆ ಓದಬಹುದು? ರೀಚರ್‌ಗೆ ಮನೆ ಇಲ್ಲ, ಬ್ಯಾಗ್ ಇಲ್ಲ, ಜೇಬಲ್ಲಿ ಒಂದು ಮಡಚುವ ಟೂತ್‌ಬ್ರಷ್. ಕೆಲಸ ಮುಗಿದ ಮೇಲೆ ಆ ಊರು ಬಿಟ್ಟು ಹೊರಡುತ್ತಾನೆ. ಸಾಮಾನು ಸರಂಜಾಮು ಇಲ್ಲದವನು ಹಿಂದಿನ ಪುಸ್ತಕದಿಂದಲೂ ಹೆಚ್ಚೇನೂ ಹೊತ್ತು ತರುವುದಿಲ್ಲ. ಚಂದಮಾಮದ ಬೇತಾಳನೂ ಇದೇ ಜಾತಿ. ವಿಕ್ರಮ ಬಾಯಿ ಬಿಟ್ಟ ಕೂಡಲೇ ಹೆಣದ ಸಮೇತ ಮರಕ್ಕೆ ವಾಪಸ್. ಮುಂದಿನ ತಿಂಗಳು ಮತ್ತೆ ಅದೇ ಮರ, ಅದೇ ಹೆಗಲು. ಯಾವ ತಿಂಗಳ ಸಂಚಿಕೆ ಕೈಗೆ ಸಿಕ್ಕರೂ ನಡೆಯುತ್ತಿತ್ತು.

ಇಂಥ ಸರಣಿಯಲ್ಲಿ ನಾಯಕ ಸಾಯುವುದಿಲ್ಲ ಅಂತ ನಮಗೆ ಮೊದಲೇ ಗೊತ್ತು. 2004ರಲ್ಲಿ ಬಂದ ರೀಚರ್ ಕಾದಂಬರಿಯೊಂದು 1990ರ ಹೊಸ ವರ್ಷದ ಹೊತ್ತಿಗೆ, ಅವನಿನ್ನೂ ಸೈನ್ಯದಲ್ಲಿದ್ದ ಕಾಲಕ್ಕೆ ಹಿಂದೆ ಹೋಗುತ್ತದೆ. ಅವನು ಬದುಕಿದ್ದಾನೆ ಅಂತ ಅಷ್ಟು ಹೊತ್ತಿಗೆ ಏಳು ಪುಸ್ತಕಗಳೇ ಸಾಕ್ಷಿ ಹೇಳಿವೆ. ಆದರೂ ನೀವು ರಾತ್ರಿ ಎರಡರವರೆಗೆ ಎದ್ದಿದ್ದು ಓದಿದಿರಿ ಅಂತ ಬರೆದಿದ್ದೀರಿ. ಹಾಗಾದರೆ ನೀವು ಯಾರಿಗೋಸ್ಕರ ಹೆದರಿದ್ದು? ಇದಕ್ಕೆ ಉತ್ತರ ಸಿಕ್ಕಿದ ದಿನ ನಿಮಗೆ ಇನ್ನೊಂದು ಲೇಖನ ಸಿಕ್ಕಿತು ಅಂತಲೇ ಲೆಕ್ಕ.

ಕೊನೆಯಲ್ಲಿ ‘ಕನ್ನಡದಲ್ಲಿ ಸರಣಿ ಸಾಹಿತ್ಯವೇ ಇಲ್ಲ’ ಅಂತ ಷರಾ ಬರೆದಿದ್ದೀರಿ. ಇದನ್ನು ನಾನು ಹಾಗೇ ಬಿಟ್ಟರೆ ಹಳೇ ಓದುಗರು ನಮ್ಮಿಬ್ಬರನ್ನೂ ಬಿಡುವುದಿಲ್ಲ. ಎನ್. ನರಸಿಂಹಯ್ಯನವರು ಬರೆದ ಕಾದಂಬರಿಗಳು ಐನೂರರ ಮೇಲೆ. ಅವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಗಳಿಂದ ಮನೆಗೆ ತಂದು ಓದಿದ ಒಂದು ತಲೆಮಾರೇ ಇದೆ. ನಮ್ಮ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ವಾರಪತ್ರಿಕೆಯ ಧಾರಾವಾಹಿಗಳ ಬಗ್ಗೆ ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ವಾರವಾರ ಆ ಪುಟಗಳನ್ನು ಕಿತ್ತು ಜೋಡಿಸಿಟ್ಟು, ಮುಗಿದ ಮೇಲೆ ಬೈಂಡ್ ಮಾಡಿಸುತ್ತಿದ್ದರು. ಮಧ್ಯೆ ಒಂದು ವಾರದ ಪುಟ ಕಳೆದುಹೋಗಿದ್ದರೆ ಏನು ಮಾಡುತ್ತಿದ್ದಿರಿ ಅಂತಲೂ ಕೇಳಿ. ಹದಿಹರೆಯದವರಿಗೆಂದೇ ಬರೆದ ಫ್ಯಾಂಟಸಿ ಕನ್ನಡದಲ್ಲಿ ಕಡಿಮೆ ಅಂದರೆ ಒಪ್ಪುತ್ತೇನೆ. ಸರಣಿಯೇ ಇಲ್ಲ ಅಂದರೆ ಇಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ, ಪುಸ್ತಕದ ಬೆನ್ನುಡಿಗಳು ಮಧ್ಯೆ ಬಂದು ಕೆಡಿಸಿವೆ. ‘ಓದುಗನನ್ನು ಭಾವನೆಗಳ ರೋಲರ್ ಕೋಸ್ಟರ್ ಸವಾರಿಗೆ ಕರೆದೊಯ್ಯುತ್ತದೆ’ ಅನ್ನುವ ವಾಕ್ಯ ಎರಡು ಕಡೆ ಇದೆ, ಎರಡೂ ಕಡೆ ಹೊಡೆದು ಹಾಕಿದ್ದೇನೆ. ‘ಇವೆಲ್ಲ ಗಂಭೀರ ಸಾಹಿತ್ಯವಲ್ಲ, ಆದರೂ...’ ಅಂತ ಶುರುವಾಗುವ ಮೊದಲ ಪ್ಯಾರಾ ಪೂರ್ತಿ ಹೋಗಲಿ. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೀರಿ? ಇಂಥ ಪುಸ್ತಕಗಳನ್ನು ಕಂಡು ಮೂಗು ಮುರಿಯುವವರು ನಿಮ್ಮ ಲೇಖನವನ್ನು ಹೇಗೂ ಓದುವುದಿಲ್ಲ. ಹಾಗಂತ ಹೊಗಳಲೇಬೇಕು ಅಂತಲೂ ಇಲ್ಲ. ಮಾಕಿಂಗ್‌ಜೇ ಮೊದಲೆರಡರಷ್ಟು ಬಿಗಿಯಾಗಿಲ್ಲ ಅಂತ ನನಗನಿಸಿದೆ. ನಿಮಗೆ ಹಾಗನಿಸದಿದ್ದರೆ ಅದೂ ಓದಿದ ಕ್ರಮದಿಂದಲೇ ಇರಬಹುದು.

ಹಾಗಾಗಿ, ಹನ್ನೊಂದರಲ್ಲಿ ಹತ್ತು ಬಿಡಿ. ಹಂಗರ್ ಗೇಮ್ಸ್ ಒಂದನ್ನೇ ಇಟ್ಟುಕೊಂಡು, ಒಂದು-ಮೂರು-ಎರಡು ಅಂತ ನೀವು ಓದಿದ ಕ್ರಮದಲ್ಲೇ ಬರೆಯಿರಿ. ಕೊನೆ ಹೇಳಿಬಿಟ್ಟರೆ ಓದುಗರ ಕುತೂಹಲ ಹೋಗುತ್ತದೆ ಅನ್ನುವ ಭಯ ಬೇಡ. ನಿಮಗೆ ಕೊನೆ ಮೊದಲೇ ಗೊತ್ತಿತ್ತು ಅನ್ನೋದೇ ಇಲ್ಲಿ ವಿಷಯ. ಕಥೆ ಗೊತ್ತಿಲ್ಲದವರಿಗೆ ಎಷ್ಟು ಬೇಕೋ ಅಷ್ಟು, ಎರಡು ಮೂರು ವಾಕ್ಯದಲ್ಲಿ ಹೇಳಿದರೆ ಸಾಕು. ಎರಡನೇ ಭಾಗ ಕೊನೆಗೂ ಎಲ್ಲಿ ಸಿಕ್ಕಿತು, ಎಷ್ಟು ದಿನದ ಮೇಲೆ ಸಿಕ್ಕಿತು ಅಂತ ಲೇಖನದಲ್ಲಿ ಎಲ್ಲೂ ಇಲ್ಲ, ಅದು ಖಂಡಿತ ಬರಲಿ.

ಸಾವಿರದೈನೂರು ಪದ ದಾಟಬೇಡಿ. ಹೆಸರುಗಳನ್ನು ಒಂದೇ ರೀತಿ ಬರೆಯಿರಿ, ಈಗ ಕ್ಯಾಟ್ನಿಸ್ ಮೂರು ಥರ ಇದ್ದಾಳೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಕಳಿಸಿ. ಕಳೆದ ಸಲ ನುಡಿ ಫಾಂಟಿನಲ್ಲಿ ಬಂದು ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಮುಂದಿನ ತಿಂಗಳ ಹತ್ತರೊಳಗೆ ಕೈಸೇರಿದರೆ ಅದರ ಮುಂದಿನ ಸಂಚಿಕೆಗೆ ನೋಡೋಣ. ರೀಚರ್ ಬಗ್ಗೆ ಬರೆಯುವುದಿದ್ದರೆ ಅದನ್ನು ಬೇರೆಯಾಗಿ ಕಳಿಸಿ, ಇದರ ಜೊತೆ ಸೇರಿಸಬೇಡಿ.

ಇಂತಿ,
ಸಂಪಾದಕ