ಒಂದೇ ಹೆರಿಗೆ ವಾರ್ಡ್, ಒಂದೇ ಕೆಲಸ. ಆದರೂ ಕೆಲವು ಸಿಬ್ಬಂದಿ ಮಾತ್ರ ಬೇಗ ಬಸವಳಿಯುವುದೇಕೆ? ಅದು ಅವರ ಸ್ವಭಾವವೇ?

ಸ್ವಭಾವದ ಪಾಲು ಖಂಡಿತ ಇದೆ, ಆದರೆ ಅದೊಂದೇ ಕಾರಣವಲ್ಲ. ಬೇಗ ಆತಂಕಪಡುವವರು, ಆಗಿ ಹೋದದ್ದನ್ನೇ ಮತ್ತೆ ಮತ್ತೆ ಯೋಚಿಸುವವರು ಉಳಿದವರಿಗಿಂತ ಜಾಸ್ತಿ ಬಳಲುತ್ತಾರೆ.

ಒಂದು ಉದಾಹರಣೆ ನೋಡಿ. ಹೊಟ್ಟೆಯಲ್ಲಿರುವ ಮಗುವಿನ ಹೃದಯ ನಿಮಿಷಕ್ಕೆ 110ರಿಂದ 160 ಸಲ ಬಡಿಯಬೇಕು. ಅದು 80ಕ್ಕೆ ಇಳಿದು ಮೇಲೇಳುತ್ತಿಲ್ಲ. ಎಲ್ಲರೂ ಓಡುತ್ತಾರೆ, ತುರ್ತು ಆಪರೇಷನ್ ಆಗುತ್ತದೆ, ಮಗು ಅಳುತ್ತದೆ. ಒಬ್ಬ ನರ್ಸ್ ಕೈ ತೊಳೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಇನ್ನೊಬ್ಬರು ರಾತ್ರಿ ಹಾಸಿಗೆಯಲ್ಲೂ 'ಇನ್ನೂ ಮೊದಲೇ ಗಮನಿಸಬೇಕಿತ್ತೇನೋ' ಎಂದು ಹೊರಳಾಡುತ್ತಾರೆ. ಒತ್ತಡ ಇಬ್ಬರಿಗೂ ಬಂದಿತ್ತು, ಆದರೆ ಎರಡನೆಯವರ ಮೈಮನಸ್ಸು ಇನ್ನೂ ಡ್ಯೂಟಿಯಲ್ಲೇ ಇದೆ. ನಿದ್ದೆ ಕೆಡುತ್ತದೆ, ಸುಧಾರಿಸಿಕೊಳ್ಳುವ ಮೊದಲೇ ಮುಂದಿನ ಪಾಳಿ ಬಂದುಬಿಡುತ್ತದೆ. ಹೀಗೇ ತಿಂಗಳುಗಟ್ಟಲೆ ನಡೆದರೆ ಬಳಲಿಕೆ ಬೇರೂರುತ್ತದೆ.

ಹಾಗಂತ 'ನೀವು ಸೂಕ್ಷ್ಮ, ಅದಕ್ಕೇ ಹೀಗೆ' ಎಂದು ಕೈತೊಳೆದುಕೊಳ್ಳುವುದು ನನ್ನ ಪ್ರಕಾರ ಅನ್ಯಾಯ. ಅಷ್ಟು ಕಾಳಜಿ ಇರುವವರೇ ಅಲ್ವಾ ಸಣ್ಣ ಬದಲಾವಣೆಯನ್ನೂ ಬೇಗ ಗುರುತಿಸುವುದು? ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಈ ಬಳಲಿಕೆಯನ್ನು ವೈದ್ಯಕೀಯ ಕಾಯಿಲೆ ಎನ್ನದೆ, ಕೆಲಸದ ಜಾಗದ ದೀರ್ಘಕಾಲದ ಒತ್ತಡದಿಂದ ಬರುವ ಸ್ಥಿತಿ ಎಂದೇ ವಿವರಿಸಿತು. ಸಿಬ್ಬಂದಿ ಕಡಿಮೆಯಿದ್ದು ಪಾಳಿ ಮೇಲೆ ಪಾಳಿ ಬಿದ್ದರೆ ಎಂಥ ಗಟ್ಟಿ ಮನಸ್ಸಿನವರೂ ಸೋಲುತ್ತಾರೆ. ಕಷ್ಟದ ಹೆರಿಗೆಯ ನಂತರ ತಂಡ ಹತ್ತು ನಿಮಿಷ ಕೂತು ಮಾತಾಡಿದರೆ ಆ ಯೋಚನೆಯ ಭಾರವನ್ನು ಒಬ್ಬರೇ ಮನೆಗೆ ಹೊತ್ತೊಯ್ಯಬೇಕಿಲ್ಲ.