ಹಿಂಬದಿಯ ಷರಾ ಬಿಟ್ಟರೆ ಕಡತ ಅರ್ಧವೇ

ಪ್ರಶ್ನೆ: ಮೇಡಂ, ನಾನು ಹಾಸನ ಜಿಲ್ಲೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ. ನಲವತ್ತು ವರ್ಷಗಳ ಸಾಲದ ಕಡತ, ಷೇರು ರಿಜಿಸ್ಟರ್, ನಡವಳಿ ಪುಸ್ತಕಗಳಿರುವ ಕೋಣೆಗೆ ಗೆದ್ದಲು ಹತ್ತಿದೆ. ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರ್ ಒಂದನ್ನು ಆಡಳಿತ ಮಂಡಳಿ ತಂದುಕೊಟ್ಟಿದೆ. ಎರಡು ತಿಂಗಳಲ್ಲಿ ಆರು ಸಾವಿರ ಪುಟ ಮುಗಿಸಿದ್ದೇನೆ. ಆದರೂ ರೈತರು ಬಂದು ಕೇಳಿದಾಗ ಕಂಪ್ಯೂಟರಿನಲ್ಲಿ ಹುಡುಕುವುದಕ್ಕಿಂತ ಕಟ್ಟು ಬಿಚ್ಚಿ ನೋಡುವುದೇ ಬೇಗ ಆಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಕೆಲಸ ಮುಗಿದ ಮೇಲೆ ಕಾಗದಗಳನ್ನು ರದ್ದಿಗೆ ಹಾಕಬಹುದೇ ಎಂದು ಅಧ್ಯಕ್ಷರು ಕೇಳುತ್ತಿದ್ದಾರೆ.

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಅದು ಕಾಯುವ ವಿಷಯವಲ್ಲ. ಒಂದು ಹಾಳೆಯನ್ನೂ ರದ್ದಿಗೆ ಹಾಕಬೇಡಿ.

ನಾನು ಇಪ್ಪತ್ತೆಂಟು ವರ್ಷ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವಳು. ನಿವೃತ್ತಿಯ ನಂತರ ಒಂದು ಕಚೇರಿಯವರು ತಮ್ಮ ಹಳೆಯ ಸಾಲಪತ್ರಗಳ ಸ್ಕ್ಯಾನ್ ಸರಿಯಾಗಿದೆಯೇ ನೋಡಿಕೊಡಿ ಎಂದು ಕರೆದರು. ಗುತ್ತಿಗೆದಾರರು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ್ದರು, ಆದರೆ ಮುಂಬದಿ ಮಾತ್ರ. ಅದೇ ವಾರ ಒಬ್ಬ ವೃದ್ಧೆ ಬಂದರು. ಗಂಡ ತೀರಿಸಿದ್ದ ಸಾಲ ಇನ್ನೂ ಬಾಕಿ ಎಂದು ನೋಟಿಸು ಹೋಗಿತ್ತು. ಕಂಪ್ಯೂಟರಿನಲ್ಲಿ ಸಾಲಪತ್ರ ಇತ್ತು, ತೀರುವಳಿಯ ಗುರುತು ಇರಲಿಲ್ಲ. ಮೂಲ ಕಾಗದ ಇನ್ನೂ ಗೋಡೌನಿನಲ್ಲೇ ಇದ್ದದ್ದು ಪುಣ್ಯ. ಹಾಳೆ ತಿರುಗಿಸಿದರೆ ಹಿಂದೆ ಹಸಿರು ಶಾಯಿಯಲ್ಲಿ, ಸಾಲ ಪೂರ್ಣ ಸಂದಾಯವಾಗಿದೆ ಎಂಬ ಷರಾ, ಸಹಿ, ದಿನಾಂಕ. ಆ ಕಟ್ಟು ರದ್ದಿಗೆ ಹೋಗಿದ್ದರೆ ಆ ತಾಯಿಗೆ ನಾವು ಏನೆಂದು ಹೇಳುತ್ತಿದ್ದೆವು?

ಆದ್ದರಿಂದ ಎರಡೂ ಬದಿ ಸ್ಕ್ಯಾನ್ ಮಾಡಿ. ಖಾಲಿ ಪುಟಗಳನ್ನು ತಾನೇ ಬಿಟ್ಟುಬಿಡುವ ಸೌಲಭ್ಯ ಅನೇಕ ತಂತ್ರಾಂಶಗಳಲ್ಲಿದೆ. ಅದನ್ನು ಆಫ್ ಮಾಡಿಡಿ, ಪೆನ್ಸಿಲಿನಲ್ಲಿ ಬರೆದ ಮಸುಕಾದ ಷರಾ ಯಂತ್ರದ ಕಣ್ಣಿಗೆ ಖಾಲಿ ಹಾಳೆಯಾಗಿಯೇ ಕಾಣಬಹುದು.

ಕಾನೂನಿನ ಮಾತೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಬಂದ ಮೇಲೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಇದೆ, ನಿಜ. ಆದರೆ ನ್ಯಾಯಾಲಯಕ್ಕೆ ಅದನ್ನು ಹಾಜರುಪಡಿಸುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರವನ್ನೂ ಕೊಡಬೇಕು. ಸಹಿ ತನ್ನದಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಪರೀಕ್ಷೆಗೆ ಮೂಲ ಕಾಗದವೇ ಬೇಕಾಗುತ್ತದೆ. ಯಾವ ಕಡತವನ್ನು ಎಷ್ಟು ವರ್ಷ ಇಡಬೇಕು ಎಂಬುದನ್ನು ನಿಮ್ಮ ಬೈಲಾ ನೋಡಿ, ಲೆಕ್ಕಪರಿಶೋಧಕರನ್ನು ಪತ್ರ ಬರೆದು ಕೇಳಿ, ಉತ್ತರವನ್ನೂ ಪತ್ರದಲ್ಲೇ ಪಡೆಯಿರಿ. ಬಾಯಿಮಾತಿನ ಅನುಮತಿಯ ಮೇಲೆ ಕಾಗದ ಸುಡಬಾರದು.

ಇನ್ನು ಹುಡುಕುವ ವಿಷಯ. ಆರು ಸಾವಿರ ಪುಟಗಳಿಗೆ ಏನು ಹೆಸರಿಟ್ಟಿದ್ದೀರಿ ಎಂದು ನೀವು ಬರೆದಿಲ್ಲ. ಸ್ಕ್ಯಾನರ್ ಇಟ್ಟ ಹೆಸರುಗಳೇ ಇರಬೇಕು, ಸ್ಕ್ಯಾನ್ 0001, 0002 ಎಂದು. ತಪ್ಪಿರುವುದು ಅಲ್ಲೇ. ಕಾಗದ ಕೈಯಲ್ಲಿರುವಾಗಲೇ ಹೆಸರಿಡಬೇಕು, ಆಮೇಲೆ ಎಂದರೆ ಎಂದೂ ಆಗುವುದಿಲ್ಲ. ನನ್ನ ಕ್ರಮ ಹೀಗೆ: ಮೊದಲು ಸದಸ್ಯ ಸಂಖ್ಯೆ, ನಂತರ ವರ್ಷ, ನಂತರ ಕಾಗದದ ಬಗೆ. ಉದಾಹರಣೆಗೆ, 0412-1998-ಸಾಲಪತ್ರ. ವ್ಯಕ್ತಿಯ ಹೆಸರಿನಿಂದ ಶುರುಮಾಡಬೇಡಿ, ಒಂದೇ ಊರಿನಲ್ಲಿ ಮೂವರು ರಂಗೇಗೌಡರು ಇರುತ್ತಾರೆ, ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ ಆಗಿರುತ್ತದೆ. ಜೊತೆಗೆ ಎಕ್ಸೆಲ್‌ನಲ್ಲಿ ಒಂದು ಸೂಚಿ ಇಡಿ: ಸದಸ್ಯ ಸಂಖ್ಯೆ, ಹೆಸರು, ಊರು, ವರ್ಷ, ಕಡತದ ಹೆಸರು, ಮೂಲ ಕಾಗದ ಇರುವ ಕಟ್ಟಿನ ಸಂಖ್ಯೆ. ಆ ವೃದ್ಧೆಯಂಥವರು ಬಂದಾಗ ಎರಡು ನಿಮಿಷದಲ್ಲಿ ಉತ್ತರ ಸಿಗಬೇಕಾದರೆ ಈ ಕಟ್ಟಿನ ಸಂಖ್ಯೆ ಬೇಕೇ ಬೇಕು.

ಸೂಚಿಯನ್ನು ಎಲ್ಲ ಕಡೆ ಒಂದೇ ಸಂಕೇತ ಬಳಸುವ ಯೂನಿಕೋಡ್ ಕನ್ನಡದಲ್ಲೇ ಬೆರಳಚ್ಚು ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಹಾಕಿದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಯೂನಿಕೋಡಿನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ.

ತಂತ್ರಾಂಶಕ್ಕೆ ದುಡ್ಡು ಸುರಿಯಬೇಕಿಲ್ಲ. ವಿಂಡೋಸ್‌ನಲ್ಲಿ ನಡೆಯುವ ನ್ಯಾಪ್ಸ್2 (NAPS2) ಎಂಬ ಸ್ಕ್ಯಾನ್ ತಂತ್ರಾಂಶ ಉಚಿತ. ಬಹುಕಾಲ ಇಡುವ ದಾಖಲೆಗಳಿಗೆಂದೇ ಇರುವ ಪಿಡಿಎಫ್-ಎ ರೂಪದಲ್ಲಿ ಅದು ಉಳಿಸಬಲ್ಲದು, ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸೆರಾಕ್ಟ್ ಮೂಲಕ ಮುದ್ರಿತ ಕನ್ನಡವನ್ನು ಓದುತ್ತದೆ. ನಿಮ್ಮ ಹಳೆಯ ಕಾರ್ಯದರ್ಶಿಗಳ ಕೈಬರಹದಲ್ಲಿ ಅದನ್ನು ನಂಬಬೇಡಿ, ಅಲ್ಲಿ ಸೂಚಿಯೇ ಗತಿ.

ಅಂಕಿಗಳ ಬಗ್ಗೆ ನನಗೆ ಬಹಳ ಭಯವಿದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯ ಸ್ಕ್ಯಾನ್ ಪ್ರತಿಯಲ್ಲಿ ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂದೇ ಬಂದಿರುವುದನ್ನು ತೋರಿಸಿದರು. ಕಡತದ ಗಾತ್ರ ಇಳಿಸಲು ಯಂತ್ರ ಒಂದೇ ತೆರನಾಗಿ ಕಂಡ ತುಣುಕುಗಳ ಜಾಗದಲ್ಲಿ ಒಂದನ್ನೇ ಕೂರಿಸಿತ್ತು. ಬೇರೆ ಕಾಗದಗಳಲ್ಲಿ 6 ಹೋಗಿ 8 ಆಗಿತ್ತು. ಮಸುಕಾಗಿ ಬಂದಿದ್ದರೆ ಅನುಮಾನವಾದರೂ ಬರುತ್ತಿತ್ತು, ಆದರೆ ಆ ತಪ್ಪು ಅಂಕಿ ಸ್ವಚ್ಛವಾಗಿಯೇ ಕಾಣುತ್ತಿತ್ತು. ಲೆಡ್ಜರಿನಲ್ಲಿ ಹಾಗಾದರೆ ಯಾರ ಸಾಲ ಎಷ್ಟು? ಗಾತ್ರ ಕುಗ್ಗಿಸುವ ಆಯ್ಕೆಯನ್ನು ಕನಿಷ್ಠದಲ್ಲಿಡಿ. 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ), ಮೊಹರು ಮತ್ತು ಬಣ್ಣದ ಶಾಯಿ ಇರುವ ಪುಟಗಳಿಗೆ ಬಣ್ಣ, ಉಳಿದವಕ್ಕೆ ಬೂದು. ಬರೀ ಕಪ್ಪು-ಬಿಳುಪಿನಲ್ಲಿ ತೆಗೆದರೆ ನೇರಳೆ ಮೊಹರು ಮಾಯವಾಗಬಹುದು. ಕಟ್ಟು ಮತ್ತೆ ಕಟ್ಟುವ ಮೊದಲು ಒಬ್ಬರು ಮೂಲ ಹಿಡಿದು ಪುಟ ಎಣಿಸಲಿ, ಇನ್ನೊಬ್ಬರು ಪರದೆ ನೋಡಲಿ.

ಈಗಾಗಲೇ ಆಗಿರುವ ಆರು ಸಾವಿರ ಪುಟಗಳನ್ನು ಅಳಿಸಬೇಡಿ. ದಿನಕ್ಕೆ ಒಂದು ಕಟ್ಟು ತೆಗೆದು, ಎದುರಿಗಿಟ್ಟುಕೊಂಡು ಹೆಸರು ಬದಲಿಸುತ್ತಾ ಬನ್ನಿ, ಹಿಂಬದಿ ಬಿಟ್ಟಿದ್ದರೆ ಆಗಲೇ ಸೇರಿಸಿ. ಗೆದ್ದಲು ಹತ್ತಿದ ಕಟ್ಟುಗಳೇ ಮೊದಲಾಗಲಿ.

ಪ್ರಶ್ನೆ: ಹೊಲಿದ ದೊಡ್ಡ ಲೆಡ್ಜರ್ ಸ್ಕ್ಯಾನರಿಗೆ ಹಿಡಿಸುವುದಿಲ್ಲ. ಬೆನ್ನು ಕತ್ತರಿಸಿ ಬಿಡಿಹಾಳೆ ಮಾಡಬಹುದೇ, ಮೊಬೈಲಿನಲ್ಲಿ ತೆಗೆದರೆ ಸಾಕೇ?

ಉತ್ತರ: ಕತ್ತರಿಸಲೇಬೇಡಿ. ಹೊಲಿಗೆ ಇರುವವರೆಗೆ ನಡುವೆ ಹಾಳೆ ಕಿತ್ತಿಲ್ಲ ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕಿಟಕಿಯ ಬೆಳಕಿನಲ್ಲಿ ನೆರಳು ಬೀಳದಂತೆ ತೆಗೆಯಿರಿ. ಚಿತ್ರಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ, ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಅಂಕಿ ಅಳಿಸಿಹೋಗುತ್ತದೆ. ಸದಸ್ಯರ ಆಧಾರ್ ಪ್ರತಿಗಳನ್ನು ಸಿಕ್ಕ ಸಿಕ್ಕ ಉಚಿತ ಆ್ಯಪ್‌ನಲ್ಲಿ ತೆಗೆಯಬೇಡಿ, ಅವರು ಅವನ್ನು ಕೊಟ್ಟದ್ದು ನಿಮ್ಮನ್ನು ನಂಬಿ.

ಪ್ರಶ್ನೆ: ಎಲ್ಲ ಪುಟಗಳ ಮೇಲೂ ಒಂದೇ ಜಾಗದಲ್ಲಿ ಉದ್ದಕ್ಕೆ ಕಪ್ಪು ಗೆರೆ ಬರುತ್ತಿದೆ. ಸ್ಕ್ಯಾನರ್ ಕೆಟ್ಟಿದೆಯೇ?

ಉತ್ತರ: ಬಹುಶಃ ಇಲ್ಲ. ಹಾಳೆ ಹಾದುಹೋಗುವ ಕಡೆ ಒಂದು ಸಪೂರ ಗಾಜಿನ ಪಟ್ಟಿ ಇರುತ್ತದೆ. ಅದರ ಮೇಲೆ ವೈಟ್ನರಿನ ಚೂರೋ ಗೋಂದಿನ ಚುಕ್ಕಿಯೋ ಕುಳಿತಿರುತ್ತದೆ. ಯಂತ್ರ ಆರಿಸಿ, ಮೆತ್ತನೆಯ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ. ಗುಂಡುಸೂಜಿ, ಸ್ಟೇಪಲ್ ಪಿನ್ ತೆಗೆಯದೆ ಹಾಳೆ ಹಾಕಿದರೆ ಆ ಗಾಜಿಗೆ ಗೀರು ಬೀಳುತ್ತದೆ, ಅದು ಒರೆಸಿದರೆ ಹೋಗುವಂಥದ್ದಲ್ಲ. ಗೆರೆ ಬಿದ್ದ ಪುಟಗಳನ್ನು ಮತ್ತೆ ಮಾಡಿ. ಮೊತ್ತದ ಅಂಕಣದ ಮೇಲೆ ಗೆರೆ ಬಿದ್ದಿದ್ದರೆ ಅದನ್ನು 1 ಎಂದು ಓದುವವರು ಇರುತ್ತಾರೆ.